ಮಿಸಿಸಿಪ್ಪಿಯ ಬೀಗದ ಕೈ: ವಿಕ್ಸ್‌ಬರ್ಗ್ ಕದನ ಏಕೆ ನಿರ್ಣಾಯಕವಾಯಿತು?

1863ರ ಜುಲೈ 2ರಂದು ಅಮೆರಿಕದ ವಿಕ್ಸ್‌ಬರ್ಗ್ ಪಟ್ಟಣದಲ್ಲಿ ಹೊರಬಂದ ‘ಡೈಲಿ ಸಿಟಿಜನ್’ ಪತ್ರಿಕೆಯನ್ನು ಮನೆಯ ಗೋಡೆಗೆ ಅಂಟಿಸುವ ಬಣ್ಣದ ಕಾಗದದ ಬೆನ್ನಿನ ಮೇಲೆ ಅಚ್ಚು ಹಾಕಲಾಗಿತ್ತು. ಊರಿನಲ್ಲಿ ಬೇರೆ ಕಾಗದವೇ ಉಳಿದಿರಲಿಲ್ಲ. ಕಾಗದ ಮುಗಿದಿದ್ದರೂ ಪತ್ರಿಕೆಯ ಕೆಚ್ಚು ಮುಗಿದಿರಲಿಲ್ಲ. ಜುಲೈ 4ರಂದು, ಅಮೆರಿಕದ ಸ್ವಾತಂತ್ರ್ಯ ದಿನದಂದು, ವಿಕ್ಸ್‌ಬರ್ಗಿನಲ್ಲೇ ಊಟ ಮಾಡುತ್ತೇನೆಂದು ಊರಿಗೆ ಮುತ್ತಿಗೆ ಹಾಕಿದ್ದ ಶತ್ರು, ಉತ್ತರದ ಸೇನಾಪತಿ ಗ್ರ್ಯಾಂಟ್ ಹೇಳಿಕೊಂಡಿದ್ದಾನಂತೆ ಎಂದು ಅದು ಬರೆಯಿತು. ಊಟಕ್ಕೆ ಕೂರುವ ಮೊದಲು ಊರೊಳಗೆ ಬರಬೇಕಲ್ಲ, ಮೊಲದ ಅಡುಗೆ ಮಾಡುವವನು ಮೊದಲು ಮೊಲವನ್ನು ಹಿಡಿಯಬೇಕು ಎಂದು ಛೇಡಿಸಿತು. ಎರಡು ದಿನಗಳ ನಂತರ ಪಟ್ಟಣದೊಳಗೆ ಬಂದ ಉತ್ತರದ ಸೈನಿಕರಿಗೆ ಆ ಮುದ್ರಣಾಲಯದಲ್ಲಿ ಜೋಡಿಸಿಟ್ಟ ಅಚ್ಚಿನ ಮೊಳೆಗಳು ಹಾಗೆಯೇ ಸಿಕ್ಕಿದವು. ಅವರು ಕೆಳಗೊಂದು ಟಿಪ್ಪಣಿ ಸೇರಿಸಿ ಅದೇ ಗೋಡೆಕಾಗದದ ಮೇಲೆ ಮತ್ತೆ ಅಚ್ಚು ಹಾಕಿದರು: ಗ್ರ್ಯಾಂಟ್ ಮೊಲವನ್ನು ಹಿಡಿದಿದ್ದಾನೆ.

ಆ ಮೊಲ ಸುಲಭಕ್ಕೆ ಸಿಕ್ಕಿರಲಿಲ್ಲ. ಅದನ್ನು ಹಿಡಿಯಲು ಗ್ರ್ಯಾಂಟ್ ಒಂದು ಇಡೀ ಚಳಿಗಾಲ ಕೆಸರಿನಲ್ಲಿ ಒದ್ದಾಡಿದ್ದ, ಹಲವು ಬಾರಿ ಸೋತಿದ್ದ, ತನ್ನ ಆಪ್ತ ದಂಡನಾಯಕನ ಬುದ್ಧಿವಾದವನ್ನೂ ಬದಿಗಿಟ್ಟಿದ್ದ. ಅಮೆರಿಕದ ಅಂತರ್ಯುದ್ಧ ಎಂದರೆ ಹೆಚ್ಚಿನವರಿಗೆ ನೆನಪಾಗುವುದು ಅದೇ ಜುಲೈ 1ರಿಂದ 3ರವರೆಗೆ ಪೆನ್ಸಿಲ್ವೇನಿಯಾದಲ್ಲಿ ನಡೆದ ಗೆಟ್ಟಿಸ್‌ಬರ್ಗ್ ಕದನ. ಅಲ್ಲಿ ಹರಿದ ರಕ್ತವನ್ನೂ ತೋರಿದ ಶೌರ್ಯವನ್ನೂ ನಾನು ಕಡಿಮೆ ಮಾಡಿ ಹೇಳುತ್ತಿಲ್ಲ. ಆದರೆ ಯುದ್ಧದ ಗತಿಯನ್ನು ಮರಳಿ ಬದಲಾಗದಂತೆ ತಿರುಗಿಸಿದ್ದು ಯಾವುದು ಎಂದು ಕೇಳಿದರೆ, ನಾನು ಬೆರಳಿಡುವುದು ಮಿಸಿಸಿಪ್ಪಿ ನದಿಯ ದಡದ ಈ ಪುಟ್ಟ ಪಟ್ಟಣದ ಮೇಲೆ. 1860ರ ಹೊತ್ತಿಗೆ ಇಲ್ಲಿದ್ದ ಜನ ಐದು ಸಾವಿರಕ್ಕೂ ಕಡಿಮೆ. ಇಷ್ಟು ಸಣ್ಣ ಊರು ಒಂದು ದೇಶದ ಹಣೆಬರಹ ಹೇಗಾಯಿತು ಎಂಬುದು ಅರ್ಥವಾಗಬೇಕಾದರೆ ಮೊದಲು ನದಿಯನ್ನು ನೋಡಬೇಕು.

ನದಿ ಎಂಬ ಹೆದ್ದಾರಿ

ಒಂದು ಮಾತನ್ನು ಮೊದಲೇ ಸ್ಪಷ್ಟವಾಗಿ ಹೇಳಿಬಿಡುತ್ತೇನೆ. ಈ ಯುದ್ಧ ಹುಟ್ಟಿದ್ದು ಗುಲಾಮಗಿರಿಯಿಂದ. 1860ರ ಕೊನೆಯಿಂದ 1861ರ ಮಧ್ಯದವರೆಗೆ ಹನ್ನೊಂದು ದಕ್ಷಿಣ ರಾಜ್ಯಗಳು ಅಮೆರಿಕದ ಒಕ್ಕೂಟವನ್ನು ಬಿಟ್ಟು ಹೊರನಡೆದು ‘ಕಾನ್ಫೆಡರೆಸಿ’ ಎಂಬ ಪ್ರತ್ಯೇಕ ಸರ್ಕಾರ ಕಟ್ಟಿಕೊಂಡವು. ಒಕ್ಕೂಟದ ಪರ ನಿಂತವರೇ ‘ಉತ್ತರ’ದವರು. ವಿಕ್ಸ್‌ಬರ್ಗ್ ಇರುವ ಮಿಸಿಸಿಪ್ಪಿ ರಾಜ್ಯ ತನ್ನ ಘೋಷಣೆಯಲ್ಲಿ, ತನ್ನ ನಿಲುವು ಗುಲಾಮಗಿರಿಯ ವ್ಯವಸ್ಥೆಯೊಂದಿಗೆ ಸಂಪೂರ್ಣವಾಗಿ ಬೆಸೆದುಕೊಂಡಿದೆ ಎಂದು ಯಾವ ಮುಚ್ಚುಮರೆಯೂ ಇಲ್ಲದೆ ಬರೆದುಕೊಂಡಿತ್ತು. ಆ ರಾಜ್ಯದ ಜನಸಂಖ್ಯೆಯಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಗುಲಾಮರಾಗಿದ್ದರು. ಅವರು ಬಿಡಿಸಿದ ಹತ್ತಿ ಉಗಿದೋಣಿ ಹತ್ತಿ ನದಿಗುಂಟ ನ್ಯೂ ಆರ್ಲಿಯನ್ಸ್‌ಗೆ ಹೋಗಿ, ಅಲ್ಲಿಂದ ಹಡಗೇರಿ ಇಂಗ್ಲೆಂಡಿನ ಗಿರಣಿಗಳನ್ನು ಸೇರುತ್ತಿತ್ತು.

ಅಂದಿನ ಅಮೆರಿಕದ ಒಳನಾಡಿನಲ್ಲಿ ಒಳ್ಳೆಯ ರಸ್ತೆಗಳಿರಲಿಲ್ಲ. ಮಳೆ ಬಂದರೆ ಗಾಡಿ ಹೂತು ಹೋಗುತ್ತಿತ್ತು. ಒಂದು ಉಗಿದೋಣಿ ಹೊರುವ ಸರಕನ್ನು ನೆಲದ ಮೇಲೆ ಸಾಗಿಸಲು ನೂರಾರು ಗಾಡಿಗಳು, ಅವನ್ನು ಎಳೆಯಲು ಹೇಸರಗತ್ತೆಗಳು, ಆ ಪ್ರಾಣಿಗಳಿಗೆ ಮೇವು ಬೇಕಾಗುತ್ತಿತ್ತು. ಆದ್ದರಿಂದ ನದಿ ಯಾರ ಕೈಯಲ್ಲಿದೆಯೋ ಅವರ ಸೈನ್ಯಕ್ಕೆ ಅನ್ನ, ಮದ್ದುಗುಂಡು, ಔಷಧಿ ಎಲ್ಲವೂ ಸಲೀಸಾಗಿ ಬರುತ್ತಿದ್ದವು. ಮಿಸಿಸಿಪ್ಪಿಗೆ ಒಹಾಯೊ, ಮಿಸೌರಿ, ಅರ್ಕನ್ಸಾ, ರೆಡ್ ಎಂಬ ದೊಡ್ಡ ಉಪನದಿಗಳು ಬಂದು ಸೇರುತ್ತವೆ. ಇಲಿನಾಯ್, ಇಂಡಿಯಾನಾ, ಅಯೋವಾದ ರೈತರ ಕಾಳುಕಡಿ ಕಡಲಿಗೆ ಇಳಿಯುವ ಹಳೆಯ ದಾರಿಯೂ ಇದೇ. ರೈಲು ಬಂದು ಒಂದಿಷ್ಟು ಸರಕು ಪೂರ್ವಕ್ಕೆ ತಿರುಗಿದ್ದರೂ, ನದಿ ಮುಚ್ಚಿದೆ ಎಂಬ ಸಿಟ್ಟು ಆ ರಾಜ್ಯಗಳಲ್ಲಿ ಹೊಗೆಯಾಡುತ್ತಲೇ ಇತ್ತು. ಯುದ್ಧ ಸಾಕು, ದಕ್ಷಿಣದವರೊಂದಿಗೆ ರಾಜಿ ಮಾಡಿಕೊಳ್ಳಿ ಎನ್ನುವ ರಾಜಕಾರಣಿಗಳಿಗೆ ಆ ಸಿಟ್ಟೇ ಬಂಡವಾಳವಾಗಿತ್ತು.

ದಕ್ಷಿಣದ ಪಾಲಿಗೆ ಇದೇ ನದಿ ದೇಶದ ನಡುವೆ ಹಾದ ಸೀಳು. ನದಿಯ ಪಶ್ಚಿಮಕ್ಕೆ ಟೆಕ್ಸಸ್, ಅರ್ಕನ್ಸಾ ಮತ್ತು ಲೂಯಿಸಿಯಾನಾದ ಬಹುಭಾಗ ಇದ್ದವು. ಟೆಕ್ಸಸ್ಸಿನ ದನ, ಲೂಯಿಸಿಯಾನಾದ ಸಕ್ಕರೆ ಮತ್ತು ಉಪ್ಪು, ಒಕ್ಕೂಟದ ನೌಕಾಪಡೆಯ ದಿಗ್ಬಂಧನದ ಕಣ್ಣು ತಪ್ಪಿಸಿ ಮೆಕ್ಸಿಕೊದ ಮೂಲಕ ಬರುತ್ತಿದ್ದ ಯುರೋಪಿನ ಸಾಮಾನು, ಎಲ್ಲವೂ ಈ ನದಿಯನ್ನು ದಾಟಿಯೇ ಪೂರ್ವದ ಸೈನ್ಯಗಳನ್ನು ತಲುಪಬೇಕಿತ್ತು.

ಯುದ್ಧದ ಮೊದಲ ವರ್ಷವೇ ಒಕ್ಕೂಟದ ವಯೋವೃದ್ಧ ಮಹಾದಂಡನಾಯಕ ವಿನ್‌ಫೀಲ್ಡ್ ಸ್ಕಾಟ್ ಇದನ್ನು ಕಂಡಿದ್ದ. ಕಡಲತೀರವನ್ನು ಮುಚ್ಚು, ಮಿಸಿಸಿಪ್ಪಿಯನ್ನು ಹಿಡಿ, ದಕ್ಷಿಣ ತಾನಾಗಿ ಉಸಿರುಗಟ್ಟುತ್ತದೆ ಎಂಬುದು ಅವನ ಯೋಜನೆ. ಪತ್ರಿಕೆಗಳು ಅದಕ್ಕೆ ಹೆಬ್ಬಾವಿನ ಹೆಸರಿಟ್ಟು, ‘ಅನಕೊಂಡ ಯೋಜನೆ’ ಎಂದು ನಕ್ಕವು. ಆದರೆ ಮುಂದಿನ ವರ್ಷ ನಡೆದದ್ದು ಹೆಚ್ಚುಕಡಿಮೆ ಅದೇ. 1862ರ ಏಪ್ರಿಲ್‌ನಲ್ಲಿ ಒಕ್ಕೂಟದ ಫ್ಯಾರಗಟ್‌ನ ನೌಕಾಪಡೆ ಕಡಲಿನಿಂದ ಮೇಲೆ ಬಂದು ನ್ಯೂ ಆರ್ಲಿಯನ್ಸ್ ಹಿಡಿಯಿತು. ಜೂನ್‌ನಲ್ಲಿ ಉತ್ತರದ ಕಡೆಯಿಂದ ಮೆಂಫಿಸ್ ಬಿದ್ದಿತು. ಎರಡು ತುದಿಗಳಿಂದ ಬಿಗಿಯುತ್ತ ಬಂದ ಹಿಡಿತ ಒಂದು ಕಡೆ ನಿಂತುಬಿಟ್ಟಿತು. ಮೇಲೆ ವಿಕ್ಸ್‌ಬರ್ಗ್, ಕೆಳಗೆ ಪೋರ್ಟ್ ಹಡ್ಸನ್, ನಡುವೆ ರೆಡ್ ನದಿ ಬಂದು ಸೇರುವ ಪಟ್ಟಿ. ದಕ್ಷಿಣದ ಎರಡು ಹೋಳುಗಳು ಅಂಟಿಕೊಂಡಿದ್ದದ್ದು ಅಷ್ಟರಿಂದಲೇ. ವಿಕ್ಸ್‌ಬರ್ಗೇ ಬೀಗದ ಕೈ, ಅದು ನಮ್ಮ ಜೇಬಿಗೆ ಬರುವವರೆಗೆ ಯುದ್ಧ ಮುಗಿಯದು ಎಂದು ಒಕ್ಕೂಟದ ಅಧ್ಯಕ್ಷ ಲಿಂಕನ್ ಹೇಳಿದ್ದನೆಂದು ನೌಕಾಧಿಕಾರಿ ಡೇವಿಡ್ ಪೋರ್ಟರ್ ಮುಂದೆ ಬರೆದಿದ್ದಾನೆ.

ಬೀಗ ಏಕೆ ತೆರೆಯಲಿಲ್ಲ

ವಿಕ್ಸ್‌ಬರ್ಗಿನ ಮುಂದೆ ಅಂದು ನದಿ ಕುದುರೆಯ ಲಾಳದಂತೆ ಬಾಗಿ ಹರಿಯುತ್ತಿತ್ತು. ಹಡಗುಗಳು ಆ ತಿರುವಿನಲ್ಲಿ ವೇಗ ತಗ್ಗಿಸಲೇಬೇಕು. ತಗ್ಗಿಸಿದಲ್ಲಿಗೆ ಸರಿಯಾಗಿ, ನೀರಿನಿಂದ ಸುಮಾರು 200 ಅಡಿ ಎತ್ತರದ ದಿಬ್ಬಗಳ ಮೇಲೆ ಮತ್ತು ಅವುಗಳ ಬುಡದಲ್ಲಿ ಫಿರಂಗಿಗಳು ಕಾದಿದ್ದವು. 1862ರ ಬೇಸಿಗೆಯಲ್ಲಿ ಫ್ಯಾರಗಟ್ ತನ್ನ ಹಡಗುಗಳೊಂದಿಗೆ ಬಂದು ಗುಂಡಿನ ಮಳೆಗರೆದರೂ ಅಷ್ಟು ಎತ್ತರದ ಮೇಲಿನ ತೋಪುಗಳನ್ನು ಅಡಗಿಸಲು ಆಗಲಿಲ್ಲ. ಹಡಗು ಊರನ್ನು ಸುಡಬಹುದು, ದಿಬ್ಬ ಹತ್ತಲಾರದು. ಅದಕ್ಕೆ ಕಾಲಾಳು ಬೇಕು.

ಕಾಲಾಳುಗಳು ಬರುವುದೆಲ್ಲಿಂದ? ಊರಿನ ಉತ್ತರಕ್ಕೆ ಯಾಜೂ ನದಿಯ ಜವುಗು ಪ್ರದೇಶ, ನೂರಾರು ಮೈಲಿ ಉದ್ದದ ಕೆಸರು, ಹಳ್ಳ, ಬಳ್ಳಿ ಹೆಣೆದ ಕಾಡು. ಒಣನೆಲ ಇರುವುದು ಊರಿನ ಪೂರ್ವಕ್ಕೆ ಮತ್ತು ದಕ್ಷಿಣಕ್ಕೆ. ಅಂದರೆ ಉತ್ತರದಿಂದ ಬರುವ ಸೈನ್ಯಕ್ಕೆ ಕೋಟೆಯ ಬಾಗಿಲು ಹಿಂಬದಿಯಲ್ಲಿತ್ತು.

1862ರ ಡಿಸೆಂಬರ್‌ನಲ್ಲಿ ಗ್ರ್ಯಾಂಟ್ ರೈಲು ಮಾರ್ಗ ಹಿಡಿದು ನೆಲದ ಮೇಲೆ ಬರಲು ಹೊರಟ. ದಕ್ಷಿಣದ ಅಶ್ವದಳ ಹಾಲಿ ಸ್ಪ್ರಿಂಗ್ಸ್‌ನಲ್ಲಿದ್ದ ಅವನ ದಾಸ್ತಾನಿಗೆ ಬೆಂಕಿಯಿಟ್ಟಿತು. ಅವನು ಹಿಂದಕ್ಕೆ ಸರಿದ. ಅದೇ ಹೊತ್ತಿಗೆ ದಂಡನಾಯಕ ಶರ್ಮನ್ ಚಿಕಸಾ ಹಳ್ಳದ ಕಡೆಯಿಂದ ದಿಬ್ಬಕ್ಕೆ ನೇರವಾಗಿ ಏರಿಹೋಗಿ, ಸುಮಾರು 1,800 ಜನರನ್ನು ಕಳೆದುಕೊಂಡು ಹಿಂದಿರುಗಿದ. ಆಮೇಲಿನ ಚಳಿಗಾಲವಿಡೀ ಅಗೆಯುವ ಕೆಲಸ. ಊರಿನೆದುರಿನ ಡಿ ಸೋಟೊ ಎಂಬ ನಾಲಗೆಯಂಥ ನೆಲವನ್ನು ಅಡ್ಡಲಾಗಿ ಕೊರೆದು, ಫಿರಂಗಿಗಳಿಗೆ ಸಿಗದಂತೆ ನದಿಯನ್ನೇ ತಿರುಗಿಸುವ ಕಾಲುವೆ ತೋಡಿದರು. ಸೈನಿಕರ ಜೊತೆಗೆ, ತೋಟಗಳಿಂದ ತಪ್ಪಿಸಿಕೊಂಡು ಬಂದ ಕರಿಯ ಕೂಲಿಗಳೂ ಅಲ್ಲಿ ಹಾರೆ ಗುದ್ದಲಿ ಹಿಡಿದಿದ್ದರು. ಪ್ರವಾಹ ಬಂದು ಕಾಲುವೆಯ ಕೆಲಸ ಹಾಳಾಯಿತು. ಕೆರೆಗಳನ್ನು ಜೋಡಿಸುವ ಯತ್ನ, ಯಾಜೂ ಕಣಿವೆಯ ಹಳ್ಳಗಳಲ್ಲಿ ದೋಣಿ ನುಗ್ಗಿಸುವ ಯತ್ನ, ಎಲ್ಲವೂ ಕೆಟ್ಟವು. ಶಿಬಿರಗಳಲ್ಲಿ ಜ್ವರ, ಭೇದಿ, ಸಿಡುಬು. ಒಡ್ಡಿನ ಮೇಲೆ ಮಾತ್ರ ಒಣನೆಲ ಇದ್ದುದರಿಂದ ಸತ್ತವರನ್ನು ಅಲ್ಲೇ ಹೂಳಬೇಕಾಯಿತು. ಉತ್ತರದ ಪತ್ರಿಕೆಗಳು ಗ್ರ್ಯಾಂಟ್‌ನನ್ನು ತೆಗೆದುಹಾಕಿ ಎಂದು ಕೂಗುತ್ತಿದ್ದವು.

ಮೆಂಫಿಸ್‌ಗೆ ಹಿಂದಿರುಗಿ, ರೈಲು ಮಾರ್ಗದ ಬೆಂಬಲದೊಂದಿಗೆ ಮತ್ತೆ ಮೊದಲಿನಿಂದ ಹೊರಡೋಣ ಎಂದು ಶರ್ಮನ್ ಸಲಹೆ ಕೊಟ್ಟ. ಯುದ್ಧಶಾಸ್ತ್ರದ ಪ್ರಕಾರ ಅದು ಸರಿಯಾದ ಸಲಹೆಯೇ. ಗ್ರ್ಯಾಂಟ್ ಒಪ್ಪಲಿಲ್ಲ. ಹಿಂದಿನ ಚುನಾವಣೆಗಳಲ್ಲಿ ಲಿಂಕನ್ನನ ಪಕ್ಷಕ್ಕೆ ಪೆಟ್ಟು ಬಿದ್ದಿತ್ತು, ಜನ ಬೇಸತ್ತಿದ್ದರು. ಈಗ ಹಿಂದೆ ಸರಿದರೆ ಅದನ್ನು ಸೋಲೆಂದೇ ಓದುತ್ತಾರೆ ಎಂಬುದು ಅವನ ಲೆಕ್ಕ. ಪ್ರಜಾಪ್ರಭುತ್ವದ ಸೈನ್ಯವನ್ನು ನಡೆಸುವವನಿಗೆ ಮತದಾರನ ಮನಸ್ಸೂ ರಣರಂಗದ ಭಾಗವೇ. ಅದನ್ನು ಗ್ರ್ಯಾಂಟ್ ತನ್ನ ಸಮಕಾಲೀನ ದಂಡನಾಯಕರಲ್ಲಿ ಹಲವರಿಗಿಂತ ಚೆನ್ನಾಗಿ ಬಲ್ಲವನಾಗಿದ್ದ.

ಒಂದು ರಾತ್ರಿ, ಒಂದು ದಾಟು, ಹದಿನೇಳು ದಿನ

ಅವನ ಹೊಸ ಯೋಜನೆ ಕೇಳಲು ಸರಳ. ಸೈನ್ಯ ನದಿಯ ಪಶ್ಚಿಮ ದಡದಲ್ಲಿ ನಡೆದು ವಿಕ್ಸ್‌ಬರ್ಗಿನ ಕೆಳಕ್ಕೆ ಹೋಗಬೇಕು, ಅಲ್ಲಿ ನದಿ ದಾಟಿ ಹಿಂಬಾಗಿಲಿಗೆ ಬರಬೇಕು. ಆದರೆ ದಾಟಿಸಲು ಹಡಗುಗಳು ಬೇಕು, ಹಡಗುಗಳೆಲ್ಲ ಊರಿನ ಮೇಲ್ಭಾಗದಲ್ಲಿವೆ. ಅವು ಫಿರಂಗಿಗಳ ಎದುರಿನಿಂದಲೇ ಹಾಯಬೇಕು. ಒಮ್ಮೆ ಕೆಳಗಿಳಿದರೆ ಹೊಳೆಯ ಎದುರು ಸೆಳವಿನಲ್ಲಿ ನಿಧಾನವಾಗಿ ಮೇಲೇರಿ ಮರಳುವುದು ಆತ್ಮಹತ್ಯೆಗೆ ಸಮ.

ಏಪ್ರಿಲ್ 16ರ ಅಮಾವಾಸ್ಯೆಯ ಆಸುಪಾಸಿನ ಕತ್ತಲ ರಾತ್ರಿ ಪೋರ್ಟರ್‌ನ ಹನ್ನೆರಡು ಹಡಗುಗಳು ದೀಪ ಮುಚ್ಚಿಕೊಂಡು ಹೊರಟವು. ಉಗಿಯ ಬಾಯ್ಲರುಗಳಿಗೆ ಹತ್ತಿಯ ಅಂಡಿಗೆಗಳ ರಕ್ಷೆ, ಒದ್ದೆ ಹುಲ್ಲಿನ ಕಟ್ಟುಗಳು. ಗುಲಾಮರು ಬಿಡಿಸಿದ ಹತ್ತಿಯೇ ಇಲ್ಲಿ ಗುರಾಣಿ. ಕಾವಲುಗಾರರಿಗೆ ಸುಳಿವು ಸಿಕ್ಕಿದ ಕೂಡಲೇ ದಕ್ಷಿಣದವರು ಎದುರು ದಡದ ಮನೆಗಳಿಗೆ ಬೆಂಕಿ ಹಚ್ಚಿದರು, ಆ ಬೆಳಕಿನಲ್ಲಿ ನದಿ ಹಗಲಾಯಿತು. ಪೋರ್ಟರ್‌ನ ಹಡಗುಗಳು ದೂರ ಸರಿಯುವ ಬದಲು ವಿಕ್ಸ್‌ಬರ್ಗಿನ ದಡಕ್ಕೇ ಒತ್ತಿಕೊಂಡು ಸಾಗಿದವು. ದಿಬ್ಬದ ಮೇಲಿನ ಫಿರಂಗಿಗಳ ಬಾಯಿ ಅಷ್ಟು ಕೆಳಕ್ಕೆ ಬಾಗುವುದಿಲ್ಲ ಎಂಬುದು ಅವರಿಗೆ ಗೊತ್ತಿತ್ತು. ಬಹಳಷ್ಟು ಗುಂಡುಗಳು ತಲೆಯ ಮೇಲಿಂದ ಹಾರಿಹೋದವು. ಮುಳುಗಿದ್ದು ‘ಹೆನ್ರಿ ಕ್ಲೇ’ ಎಂಬ ಒಂದೇ ಸರಕುದೋಣಿ. ಮೇಲ್ಗಡೆ ದೂರದಲ್ಲಿ ಒಂದು ದೋಣಿಯ ಅಟ್ಟದ ಮೇಲೆ ಗ್ರ್ಯಾಂಟ್ ಹೆಂಡತಿ ಮಕ್ಕಳೊಂದಿಗೆ ನಿಂತು ಇದನ್ನೆಲ್ಲ ನೋಡುತ್ತಿದ್ದ.

ಶತ್ರುವಿನ ಗಮನ ಬೇರೆಡೆ ಸೆಳೆಯಲು ಗ್ರಿಯರ್ಸನ್ ಎಂಬ ಅಧಿಕಾರಿ 1,700 ಸವಾರರೊಂದಿಗೆ ಮಿಸಿಸಿಪ್ಪಿ ರಾಜ್ಯವನ್ನು ಉದ್ದಕ್ಕೆ ಸೀಳಿಕೊಂಡು ಹೋಗಿ, ರೈಲು ಹಳಿ ಕಿತ್ತು, ತಂತಿ ಕಡಿದು, ದಕ್ಷಿಣದ ಸೇನಾಪತಿ ಪೆಂಬರ್ಟನ್‌ನನ್ನು ಗೊಂದಲಕ್ಕೆ ಕೆಡವಿದ. ಶರ್ಮನ್ ಉತ್ತರದ ಕಡೆ ಹುಸಿ ದಾಳಿಯ ಸದ್ದು ಎಬ್ಬಿಸಿದ. ಇಷ್ಟಾಗಿಯೂ ಗ್ರ್ಯಾಂಟ್ ದಾಟಬೇಕೆಂದಿದ್ದ ಗ್ರ್ಯಾಂಡ್ ಗಲ್ಫ್‌ನಲ್ಲಿ ಕೋಟೆಯ ತೋಪುಗಳು ಬಗ್ಗಲಿಲ್ಲ. ಇನ್ನೂ ಕೆಳಗೆ ಎಲ್ಲಿ ದಾಟಬಹುದು? ಬ್ರೂಯಿನ್ಸ್‌ಬರ್ಗ್ ಎಂಬಲ್ಲಿ ಒಳ್ಳೆಯ ಕಡವು ಇದೆ, ಅಲ್ಲಿಂದ ಒಣನೆಲದ ಮೇಲೆ ಒಳನಾಡಿಗೆ ಒಳ್ಳೆಯ ದಾರಿಯೂ ಇದೆ ಎಂದು ತಿಳಿಸಿದವನು ಆ ಸೀಮೆಯ ಒಬ್ಬ ಕರಿಯ ಮನುಷ್ಯ. ಗ್ರ್ಯಾಂಟ್ ಇದನ್ನು ತನ್ನ ಆತ್ಮಕಥೆಯಲ್ಲಿ ಬರೆದಿದ್ದಾನೆ, ಆದರೆ ಹೆಸರು ಹೇಳಿಲ್ಲ. ಆ ಹೆಸರು ಉಳಿಯಲಿಲ್ಲವಲ್ಲ ಎಂಬ ಕೊರಗು ಇದನ್ನು ಓದಿದಾಗಲೆಲ್ಲ ನನ್ನನ್ನು ಕಾಡುತ್ತದೆ. ಏಪ್ರಿಲ್ 30ರಂದು ಇಪ್ಪತ್ತು ಸಾವಿರಕ್ಕೂ ಹೆಚ್ಚು ಸೈನಿಕರು ಆ ಕಡವಿನಲ್ಲಿ ದಡ ಹತ್ತಿದರು, ಒಬ್ಬ ಶತ್ರುವೂ ಎದುರಾಗಲಿಲ್ಲ.

ಇಲ್ಲಿಂದ ಮುಂದಿನದೇ ಈ ಕಾರ್ಯಾಚರಣೆಯ ಜೀವಾಳ. ನಕ್ಷೆ ನೋಡಿದ ಯಾರೇ ಆದರೂ, ಗ್ರ್ಯಾಂಟ್ ಈಗ ನೇರವಾಗಿ ಉತ್ತರಕ್ಕೆ ತಿರುಗಿ ವಿಕ್ಸ್‌ಬರ್ಗಿನ ಮೇಲೆ ಬೀಳುತ್ತಾನೆ ಎಂದುಕೊಳ್ಳುತ್ತಾರೆ. ಪೆಂಬರ್ಟನ್ ಕೂಡ ಹಾಗೆಯೇ ಎಣಿಸಿದ. ಗ್ರ್ಯಾಂಟ್ ಈಶಾನ್ಯಕ್ಕೆ ನಡೆದ, ಕೋಟೆಯಿಂದ ದೂರಕ್ಕೆ. ವಿಕ್ಸ್‌ಬರ್ಗಿಗೆ ಅನ್ನ, ಮದ್ದು, ಹೊಸ ಪಡೆ ಎಲ್ಲವೂ ಬರುತ್ತಿದ್ದದ್ದು ಪೂರ್ವದ ಜಾಕ್ಸನ್ ನಗರದಿಂದ ಬರುವ ಒಂದೇ ರೈಲು ಹಳಿಯ ಮೇಲೆ. ಜಾಕ್ಸನ್ನಿನಲ್ಲಿ ದಕ್ಷಿಣದ ದಂಡನಾಯಕ ಜೋಸೆಫ್ ಜಾನ್‌ಸ್ಟನ್ ಇನ್ನೊಂದು ಸೈನ್ಯ ಕೂಡಿಸಲು ಬಂದಿದ್ದ. ನೇರ ಕೋಟೆಗೆ ಹೋದರೆ ಎದುರಿಗೆ ಪೆಂಬರ್ಟನ್, ಬೆನ್ನಿಗೆ ಜಾನ್‌ಸ್ಟನ್. ಮೊದಲು ಇಬ್ಬರ ನಡುವೆ ನುಗ್ಗಿ ಒಬ್ಬನನ್ನು ಓಡಿಸಿ, ಹಳಿ ಕಿತ್ತು, ಆಮೇಲೆ ಇನ್ನೊಬ್ಬನ ಕಡೆ ತಿರುಗಿದರೆ? ದೊಡ್ಡ ಮರ ಒಣಗಿಸಬೇಕೆಂದವರು ಕೊಡಲಿ ಹಿಡಿದು ಕಾಂಡಕ್ಕೆ ಹೊಡೆಯುವುದಿಲ್ಲ, ಬುಡದ ಸುತ್ತ ತೊಗಟೆ ಸುಲಿಯುತ್ತಾರೆ. ಗ್ರ್ಯಾಂಟ್ ಮಾಡಿದ್ದು ಅದನ್ನೇ.

ಇದಕ್ಕೆ ಬೇಕಾಗಿದ್ದದ್ದು ವೇಗ. ಉದ್ದನೆಯ ಸರಬರಾಜು ಸಾಲನ್ನು ಕಾಯುತ್ತ ಕೂತರೆ ವೇಗ ಬರುವುದಿಲ್ಲ. ಸೈನ್ಯ ಸುತ್ತಲಿನ ತೋಟಗಳಲ್ಲಿದ್ದ ಜೋಳ, ಹಂದಿ, ಕೋಳಿ ಮೇಲೆ ಹೊಟ್ಟೆ ಹೊರೆಯಿತು. ಗ್ರ್ಯಾಂಟ್ ಸರಬರಾಜನ್ನು ಪೂರ್ತಿ ಕಡಿದುಕೊಂಡ ಎಂಬ ಮಾತು ಪ್ರಚಲಿತದಲ್ಲಿದೆ, ಅದು ಅತಿಶಯ. ಕಾಫಿ, ಉಪ್ಪು, ಗಟ್ಟಿ ಬಿಸ್ಕತ್ತು ಹೊತ್ತ ಗಾಡಿಗಳ ತಂಡಗಳು ನದಿಯಿಂದ ಬರುತ್ತಲೇ ಇದ್ದವು. ಮದ್ದುಗುಂಡು ಹೊರಲು ಸಿಕ್ಕಸಿಕ್ಕ ವಾಹನಗಳನ್ನು ಬಾಚಿಕೊಂಡರು. ತೋಟದ ಯಜಮಾನರ ಸವಾರಿಯ ಸಾರೋಟುಗಳಲ್ಲಿ ಕಾಡತೂಸಿನ ಪೆಟ್ಟಿಗೆಗಳನ್ನು ಪೇರಿಸಿದ್ದರು. ನೇಗಿಲಿನ ಸಜ್ಜು, ಹುಲ್ಲಿನ ಕೊರಳಪಟ್ಟಿ, ಹಗ್ಗದ ಲಗಾಮು ಹಾಕಿದ ಹೇಸರಗತ್ತೆಗಳು ಅವನ್ನು ಎಳೆಯುತ್ತಿದ್ದವು.

ಮೇ 1ರಂದು ಪೋರ್ಟ್ ಗಿಬ್ಸನ್, 12ರಂದು ರೇಮಂಡ್, 14ರಂದು ಜಾಕ್ಸನ್. ಜಾನ್‌ಸ್ಟನ್ ಊರು ಬಿಟ್ಟು ಉತ್ತರಕ್ಕೆ ಸರಿದ. ಅವನು ಪೆಂಬರ್ಟನ್‌ಗೆ, ಕೋಟೆಯಿಂದ ಹೊರಬಂದು ತನ್ನನ್ನು ಕೂಡಿಕೊಳ್ಳುವಂತೆ ಕಳಿಸಿದ ಸಂದೇಶದ ಒಂದು ಪ್ರತಿಯನ್ನು ಒಯ್ದವನು ಒಕ್ಕೂಟದ ಗೂಢಚಾರ. ಪತ್ರ ಗ್ರ್ಯಾಂಟ್‌ನ ಕೈಸೇರಿತು. ಇತ್ತ ದಕ್ಷಿಣದ ಅಧ್ಯಕ್ಷ ಜೆಫರ್ಸನ್ ಡೇವಿಸ್ ವಿಕ್ಸ್‌ಬರ್ಗನ್ನು ಯಾವ ಕಾರಣಕ್ಕೂ ಬಿಡಕೂಡದು ಎಂದು ಆಜ್ಞೆ ಮಾಡಿದ್ದ. ಒಬ್ಬ ಹಿರಿಯ ಹೊರಗೆ ಬಾ ಎನ್ನುತ್ತಾನೆ, ಇನ್ನೊಬ್ಬ ಒಳಗೇ ಇರು ಎನ್ನುತ್ತಾನೆ. ಪೆಂಬರ್ಟನ್ ಎರಡನ್ನೂ ಅರ್ಧರ್ಧ ಪಾಲಿಸಿ, ಗ್ರ್ಯಾಂಟ್‌ನ ಸರಬರಾಜು ಸಾಲನ್ನು ಕಡಿಯಲು ಹೊರಟು, ದಾರಿಯಲ್ಲಿ ಮನಸ್ಸು ಬದಲಿಸಿ ತಿರುಗುತ್ತಿರುವಾಗ ಮೇ 16ರಂದು ಚಾಂಪಿಯನ್ ಗುಡ್ಡದಲ್ಲಿ ಸಿಕ್ಕಿಬಿದ್ದ. ಅಲ್ಲಿ ಗುಡ್ಡದ ತಲೆ ಕೈಯಿಂದ ಕೈಗೆ ಬದಲಾಗಿ, ಕೊನೆಗೆ ದಕ್ಷಿಣದ ಪಡೆ ಮುರಿಯಿತು. ಆ ಪಡೆಯ ಸುಮಾರು 3,800 ಜನ ಸತ್ತರು, ಗಾಯಗೊಂಡರು, ಸೆರೆಸಿಕ್ಕರು. ಒಂದು ಇಡೀ ವಿಭಾಗ ಬೇರ್ಪಟ್ಟು ಕೋಟೆಗೆ ಮರಳಲೇ ಇಲ್ಲ. ಮರುದಿನ ಬಿಗ್ ಬ್ಲ್ಯಾಕ್ ನದಿಯ ಸೇತುವೆಯ ಬಳಿ ಇನ್ನೊಂದು ಸೋಲು.

ಹದಿನೇಳು ದಿನಗಳಲ್ಲಿ ಐದು ಕದನ, ಐದೂ ಗೆಲುವು. ನನ್ನ ದೃಷ್ಟಿಯಲ್ಲಿ ವಿಕ್ಸ್‌ಬರ್ಗ್ ಬಿದ್ದದ್ದು ಇಲ್ಲಿ, ಮುತ್ತಿಗೆಯಲ್ಲಲ್ಲ. ಮೇ 18ರಂದು ಗ್ರ್ಯಾಂಟ್ ಮತ್ತು ಶರ್ಮನ್ ಊರಿನ ಉತ್ತರದ ದಿಬ್ಬದ ಮೇಲೆ ಬಂದು ನಿಂತರು. ಕೆಳಗೆ ಕಾಣುತ್ತಿದ್ದದ್ದು ಡಿಸೆಂಬರ್‌ನಲ್ಲಿ ಶರ್ಮನ್‌ನ ಸೈನಿಕರು ಸತ್ತ ಚಿಕಸಾ ಹಳ್ಳ. ಈ ಕ್ಷಣದವರೆಗೂ ನಿನ್ನ ಯೋಜನೆಯ ಮೇಲೆ ನನಗೆ ನಂಬಿಕೆ ಇರಲಿಲ್ಲ ಎಂದು ಶರ್ಮನ್ ಅಲ್ಲಿ ಬಾಯಿಬಿಟ್ಟು ಒಪ್ಪಿಕೊಂಡ. ಆ ದಿಬ್ಬ ಕೈಗೆ ಬಂದುದರಿಂದ ಯಾಜೂ ನದಿಯ ಮೂಲಕ ಹಡಗುಗಳು ಸೈನ್ಯದ ಬೆನ್ನಿಗೇ ಬಂದು ತಂಗಿದವು. ಉತ್ತರದ ಹೊಟ್ಟೆ ತುಂಬಿತು, ದಕ್ಷಿಣದ ಬಾಗಿಲು ಮುಚ್ಚಿತು.

ಅಲಸಂದೆ ರೊಟ್ಟಿ

ಮೇ 19 ಮತ್ತು 22ರಂದು ಗ್ರ್ಯಾಂಟ್ ಅವಸರಪಟ್ಟು ಕೋಟೆಯ ಮೇಲೆ ನೇರ ದಾಳಿ ಮಾಡಿಸಿದ. ಎರಡನೆಯ ದಿನವೊಂದರಲ್ಲೇ 3,000ಕ್ಕೂ ಹೆಚ್ಚು ಜನ ಸತ್ತು ಗಾಯಗೊಂಡರು. ಆಮೇಲೆ ಮುತ್ತಿಗೆ. ಒಳಗೆ ಸುಮಾರು 30,000 ಸೈನಿಕರು, ಅವರ ಜೊತೆಗೆ ಊರಿನ ಹೆಂಗಸರು, ಮಕ್ಕಳು, ಗುಲಾಮರು. ಹೊರಗಿನ ಸೈನ್ಯ 70,000 ದಾಟಿತು. ಹಗಲಿರುಳು ನದಿಯಿಂದಲೂ ನೆಲದಿಂದಲೂ ಗುಂಡು ಬೀಳುತ್ತಿದ್ದುದರಿಂದ ಜನ ದಿಬ್ಬಗಳ ಹಳದಿ ಮಣ್ಣಿನಲ್ಲಿ ಗುಹೆ ತೋಡಿಸಿಕೊಂಡು, ಚಾಪೆ ಕುರ್ಚಿ ಸಾಗಿಸಿ, ಅಲ್ಲೇ ಬದುಕಿದರು.

ಹಿಟ್ಟು ಮುಗಿದ ಮೇಲೆ ಸೈನಿಕರಿಗೆ ಕೊಟ್ಟದ್ದು ಅಲಸಂದೆ ಕಾಳು ಬೀಸಿ ಮಾಡಿದ ರೊಟ್ಟಿ. ನಮಗೆ ಅಲಸಂದೆ ಎಂದರೆ ಬಾಯಿ ನೀರೂರುವ ಪಲ್ಯ, ಸಾರು. ಅಲ್ಲಿ ಎಣ್ಣೆಯಿಲ್ಲದೆ, ಬೇರೆ ಹಿಟ್ಟಿನ ಹದವಿಲ್ಲದೆ ಸುಟ್ಟ ಆ ರೊಟ್ಟಿ ಹೊರಗೆ ಕಲ್ಲಿನಂತೆ ಗಟ್ಟಿಯಾಗುತ್ತ ಹೋದರೂ ಒಳಗೆ ಹಸಿಯಾಗಿಯೇ ಉಳಿಯುತ್ತಿತ್ತು ಎಂದು ತಿಂದವರು ನೆನೆದಿದ್ದಾರೆ. ಕೊನೆಯಲ್ಲಿ ಹೇಸರಗತ್ತೆಯ ಮಾಂಸ. ಜೂನ್ ಕಳೆಯುವ ಹೊತ್ತಿಗೆ ಸೈನಿಕರಲ್ಲಿ ಅರ್ಧದಷ್ಟು ಜನ ಕಾಯಿಲೆ ಬಿದ್ದಿದ್ದರು ಅಥವಾ ಗಾಯಗೊಂಡಿದ್ದರು.

ಜೂನ್ 7ರಂದು ನದಿಯ ಆಚೆ ದಡದ ಮಿಲಿಕನ್ಸ್ ಬೆಂಡ್‌ನಲ್ಲಿ ನಡೆದ ಸಣ್ಣ ಕದನವನ್ನು ನಾನು ಬಿಟ್ಟು ಮುಂದೆ ಹೋಗಲಾರೆ. ಗ್ರ್ಯಾಂಟ್‌ನ ಸರಬರಾಜು ಕಡಿಯಬೇಕೆಂದು ಟೆಕ್ಸಸ್ಸಿನ ಪಡೆಯೊಂದು ಅಲ್ಲಿಗೆ ನುಗ್ಗಿತು. ಸರಬರಾಜು ಆಗಲೇ ಯಾಜೂ ನದಿಗೆ ಸ್ಥಳಾಂತರಗೊಂಡಿತ್ತು, ಅಲ್ಲಿ ಉಳಿದಿದ್ದವರಲ್ಲಿ ಹೆಚ್ಚಿನವರು ಕೆಲವೇ ವಾರಗಳ ಹಿಂದೆ ಗುಲಾಮಗಿರಿಯಿಂದ ಬಿಡುಗಡೆಯಾಗಿ ಸೇನೆ ಸೇರಿದ್ದ ಕರಿಯ ಸೈನಿಕರು. ಹಳೆಯ ಕೋವಿ, ಅರೆಬರೆ ತರಬೇತಿ. ಅವರು ಒಡ್ಡಿನ ಮೇಲೆ ಬಯನೆಟ್ಟು ಬಯನೆಟ್ಟಿಗೆ ತಗುಲುವಷ್ಟು ಹತ್ತಿರದಿಂದ ಹೋರಾಡಿದರು, ಭಯಂಕರ ನಷ್ಟ ಅನುಭವಿಸಿದರು, ನದಿಯ ಅಂಚನ್ನು ಬಿಟ್ಟುಕೊಡಲಿಲ್ಲ. ಕರಿಯರು ಯುದ್ಧಕ್ಕೆ ಬಾರರು ಎನ್ನುತ್ತಿದ್ದ ಉತ್ತರದ ಅಧಿಕಾರಿಗಳ ಬಾಯಿ ಮುಚ್ಚಿಸಿದ ಕದನಗಳಲ್ಲಿ ಇದೂ ಒಂದು.

ಜುಲೈ 3ರಂದು ಪೆಂಬರ್ಟನ್ ಬಿಳಿ ಬಾವುಟ ಹಾರಿಸಿದ. ಇಬ್ಬರೂ ಒಂದು ಓಕ್ ಮರದ ಕೆಳಗೆ ಭೇಟಿಯಾದರು. ಮರುದಿನ, ಮುತ್ತಿಗೆಯ ನಲವತ್ತೇಳನೆಯ ದಿನದ ನಂತರ, 29,495 ಜನ ಶರಣಾದರು. 172 ಫಿರಂಗಿಗಳು ಕೈವಶವಾದವು. ಕೈದಿಗಳ ವಿನಿಮಯವಾಗುವವರೆಗೆ ಮತ್ತೆ ಆಯುಧ ಹಿಡಿಯುವುದಿಲ್ಲ ಎಂಬ ಮುಚ್ಚಳಿಕೆ ಬರೆಸಿಕೊಂಡು ಗ್ರ್ಯಾಂಟ್ ಅವರನ್ನು ಬಿಟ್ಟುಬಿಟ್ಟ. ಅಷ್ಟು ಕೈದಿಗಳನ್ನು ಉತ್ತರಕ್ಕೆ ಸಾಗಿಸಿದರೆ ತನ್ನ ಹಡಗುಗಳೆಲ್ಲ ತಿಂಗಳುಗಟ್ಟಲೆ ಅದಕ್ಕೇ ಸವೆಯುತ್ತಿದ್ದವು. ಸೋತು ಸುಣ್ಣವಾದ ಸೈನಿಕರು ಊರೂರಿಗೆ ಸೋಲಿನ ಸುದ್ದಿ ಒಯ್ಯಲಿ ಎಂಬ ಆಲೋಚನೆಯೂ ಇತ್ತು. ಅವರಲ್ಲಿ ಕೆಲವರು ಮುಂದೆ ಮತ್ತೆ ಕಾದಾಡಲು ಬಂದರು, ಈ ನಿರ್ಧಾರದ ಬಗ್ಗೆ ಟೀಕೆಯೂ ಉಂಟು. ಆದರೂ ಬಹಳ ಮಂದಿ ಮನೆ ಸೇರಿದವರು ಹೊರಡಲಿಲ್ಲ.

ಏನು ಬದಲಾಯಿತು

ನಿರ್ಣಾಯಕ ಕದನ ಎಂದರೆ ಹೆಚ್ಚು ಜನ ಸತ್ತ ಕದನ ಎಂದು ನಾವು ಅಂದುಕೊಳ್ಳುತ್ತೇವೆ. ನಾನು ಬೇರೊಂದು ಅಳತೆಗೋಲು ಹಿಡಿಯುತ್ತೇನೆ: ಕದನ ಮುಗಿದ ಮೇಲೆ ಸೋತವನ ಮುಂದೆ ಎಷ್ಟು ದಾರಿಗಳು ಉಳಿದವು? ಗೆಟ್ಟಿಸ್‌ಬರ್ಗ್‌ನಲ್ಲಿ ದಕ್ಷಿಣದ ಸೇನಾಪತಿ ರಾಬರ್ಟ್ ಲೀ ಸುಮಾರು 28,000 ಜನರನ್ನು ಕಳೆದುಕೊಂಡ. ಅದು ಘೋರ ನಷ್ಟ. ಆದರೆ ಅವನ ಸೈನ್ಯ ಸೈನ್ಯವಾಗಿಯೇ ವರ್ಜೀನಿಯಾಕ್ಕೆ ಮರಳಿತು, ಇನ್ನೂ ಇಪ್ಪತ್ತೊಂದು ತಿಂಗಳು ಯುದ್ಧ ಮಾಡಿತು. ವಿಕ್ಸ್‌ಬರ್ಗಿನಲ್ಲಿ ಸೈನ್ಯ, ಕೋಟೆ, ನದಿ ಮೂರೂ ಒಟ್ಟಿಗೆ ಹೋದವು. ಜುಲೈ 9ರಂದು ಪೋರ್ಟ್ ಹಡ್ಸನ್ ಕೂಡ ಶರಣಾಯಿತು. ಜುಲೈ 16ರಂದು ‘ಇಂಪೀರಿಯಲ್’ ಎಂಬ ಉಗಿದೋಣಿ ಸೇಂಟ್ ಲೂಯಿಸ್‌ನಿಂದ ಹೊರಟು ಯಾರ ಅಡ್ಡಿಯೂ ಇಲ್ಲದೆ ನ್ಯೂ ಆರ್ಲಿಯನ್ಸ್ ಮುಟ್ಟಿತು. ನದಿಗಳ ತಂದೆ ಮತ್ತೆ ನಿರಾತಂಕವಾಗಿ ಕಡಲಿಗೆ ಹರಿಯುತ್ತಿದ್ದಾನೆ ಎಂದು ಲಿಂಕನ್ ಬರೆದದ್ದು ಆ ಆಗಸ್ಟ್‌ನಲ್ಲಿ.

ಎರಡು ಕದನಗಳಿಗೂ ಒಂದು ಗಂಟು ಇದೆ. ಮೇ ತಿಂಗಳಿನಲ್ಲಿ ದಕ್ಷಿಣದ ರಾಜಧಾನಿ ರಿಚ್ಮಂಡ್‌ನಲ್ಲಿ, ಲೀಯ ಸೈನ್ಯದಿಂದ ಒಂದು ಭಾಗ ತೆಗೆದು ವಿಕ್ಸ್‌ಬರ್ಗ್ ಉಳಿಸಲು ಕಳಿಸೋಣ ಎಂಬ ಚರ್ಚೆ ನಡೆಯಿತು. ಲೀ ವಿರೋಧಿಸಿದ. ಮಿಸಿಸಿಪ್ಪಿಯ ಬೇಸಿಗೆಯ ಬೇಗೆಯೇ ಗ್ರ್ಯಾಂಟ್‌ನನ್ನು ಓಡಿಸುತ್ತದೆ ಎಂದ, ತಾನು ಉತ್ತರದೊಳಕ್ಕೆ ನುಗ್ಗುತ್ತೇನೆ ಎಂದ. ಹಾಗೆ ನುಗ್ಗಿದ ದಾರಿ ಗೆಟ್ಟಿಸ್‌ಬರ್ಗ್‌ಗೆ ಹೋಯಿತು. ಒಂದೇ ವಾರದಲ್ಲಿ ಎರಡೂ ಕೈತಪ್ಪಿದವು.

ನ್ಯಾಯವಾಗಿ ಇನ್ನೊಂದು ಮಾತು ಹೇಳಬೇಕು. ಪಶ್ಚಿಮದಿಂದ ಬರುತ್ತಿದ್ದ ದನ, ಸಕ್ಕರೆ 1863ರ ವಸಂತದ ಹೊತ್ತಿಗೇ ಬಹಳ ಕಡಿಮೆಯಾಗಿತ್ತು, ಏಕೆಂದರೆ ಒಕ್ಕೂಟದ ಯುದ್ಧನೌಕೆಗಳು ಆಗಲೇ ಆ ನಡುಪಟ್ಟಿಗೆ ನುಸುಳಿದ್ದವು. ಆದ್ದರಿಂದ ನದಿ ಮುಚ್ಚಿದ್ದರಿಂದ ಆದ ನಷ್ಟವನ್ನು ಉಬ್ಬಿಸಬಾರದು ಎಂದು ವಾದಿಸುವ ಇತಿಹಾಸಕಾರರಿದ್ದಾರೆ. ಅದರಲ್ಲಿ ತಥ್ಯವಿದೆ. ಆದರೆ ಸೈನಿಕರ ಕೊರತೆಯಿಂದ ಮೊದಲೇ ನಲುಗಿದ್ದ ದಕ್ಷಿಣಕ್ಕೆ 29,495 ಜನರ ಸೈನ್ಯವನ್ನು ಮತ್ತೆ ಕಟ್ಟುವ ಶಕ್ತಿ ಇರಲಿಲ್ಲ. ಪಶ್ಚಿಮದ ಮೂರು ರಾಜ್ಯಗಳಲ್ಲಿದ್ದ ದಕ್ಷಿಣದ ಪಡೆಗಳು ಯುದ್ಧದ ಕೊನೆಯವರೆಗೂ ಅಲ್ಲೇ ಉಳಿದವು, ಲೀಗೆ ಒದಗಲಿಲ್ಲ. ಇನ್ನು ಒಕ್ಕೂಟದ ಕಡೆ, ನದಿ ಕಾಯುವ ಚಿಂತೆ ಕಳೆದ ಗ್ರ್ಯಾಂಟ್‌ನ ಸೈನ್ಯ ಪೂರ್ವಕ್ಕೆ ತಿರುಗಲು ಬಿಡುವಾಯಿತು. ನವೆಂಬರ್‌ನಲ್ಲಿ ಚಾಟನೂಗ, ಅಲ್ಲಿಂದ ಅಟ್ಲಾಂಟ, ಅಲ್ಲಿಂದ ಕಡಲಿಗೆ. ಮೇ ತಿಂಗಳಿನಲ್ಲಿ ಸರಬರಾಜು ಸಾಲನ್ನು ನೆಚ್ಚಿಕೊಳ್ಳದೆ ನಡೆದ ಪಾಠವನ್ನು ಶರ್ಮನ್ 1864ರಲ್ಲಿ ಜಾರ್ಜಿಯಾದ ಉದ್ದಕ್ಕೂ ಪ್ರಯೋಗಿಸಿದ. 1864ರ ಮಾರ್ಚ್‌ನಲ್ಲಿ ಗ್ರ್ಯಾಂಟ್ ಒಕ್ಕೂಟದ ಎಲ್ಲ ಸೈನ್ಯಗಳ ಮುಖ್ಯಸ್ಥನಾದ. ಅದಕ್ಕೂ ಮೊದಲೇ, ಶರಣಾಗತಿಯ ಹತ್ತೇ ದಿನದೊಳಗೆ, ಲಿಂಕನ್ ಅವನಿಗೊಂದು ಪತ್ರ ಬರೆದಿದ್ದ. ನದಿ ದಾಟಿದ ಮೇಲೆ ನೀವು ಈಶಾನ್ಯಕ್ಕೆ ತಿರುಗಿದಾಗ ತಪ್ಪು ಮಾಡುತ್ತಿದ್ದೀರಿ ಎಂದು ಹೆದರಿದ್ದೆ, ನೀವು ಸರಿ, ನಾನು ತಪ್ಪು ಎಂದು ಒಪ್ಪಿಕೊಳ್ಳುತ್ತೇನೆ ಎಂಬುದು ಅದರ ಸಾರ. ದೇಶದ ಅಧ್ಯಕ್ಷನೊಬ್ಬ ತಾನು ಮುಖಾಮುಖಿ ಕಾಣದ ದಂಡನಾಯಕನಿಗೆ ಬರೆದ ಈ ಪುಟ್ಟ ಪತ್ರದ ಮುಂದೆ ನಾನು ತಲೆಬಾಗುತ್ತೇನೆ.

ಹೊರದೇಶಗಳಲ್ಲೂ ಗಾಳಿ ತಿರುಗಿತು. ಹತ್ತಿಯನ್ನು ಅಡವಿಟ್ಟು ದಕ್ಷಿಣ ಸರ್ಕಾರ ಅದೇ ವಸಂತದಲ್ಲಿ ಯುರೋಪಿನಲ್ಲಿ ಎತ್ತಿದ ಸಾಲದ ಪತ್ರಗಳ ಬೆಲೆ, ಎರಡು ಸೋಲುಗಳ ಸುದ್ದಿ ಮುಟ್ಟಿದೊಡನೆ ಕುಸಿಯಿತು. ಬ್ರಿಟನ್ ತಮ್ಮನ್ನು ಸ್ವತಂತ್ರ ದೇಶವೆಂದು ಒಪ್ಪಬಹುದು ಎಂಬ ದಕ್ಷಿಣದವರ ಆಸೆಯೂ ಬಾಡಿತು.

ಆ ಹತ್ತಿಯ ಎಳೆ ನಮ್ಮ ಎರೆಹೊಲಗಳವರೆಗೂ ಬರುತ್ತದೆ. ಈಸ್ಟ್ ಇಂಡಿಯಾ ಕಂಪನಿ 1840ರ ದಶಕದಲ್ಲಿ ನ್ಯೂ ಆರ್ಲಿಯನ್ಸ್ ತಳಿಯ ಹತ್ತಿಯನ್ನು ತಂದು ಹುಬ್ಬಳ್ಳಿ, ಗದಗ ಸೀಮೆಯಲ್ಲಿ ಬೆಳೆಸಿತ್ತು. ಅದು ‘ಧಾರವಾಡ ಅಮೆರಿಕನ್’ ಎಂದೇ ಹೆಸರಾಯಿತು. ಅಂತರ್ಯುದ್ಧದಿಂದ ಅಮೆರಿಕದ ಹತ್ತಿ ನಿಂತು ಮ್ಯಾಂಚೆಸ್ಟರಿನ ಗಿರಣಿಗಳು ಬಾಯಿಬಿಟ್ಟಾಗ ಈ ಹತ್ತಿಗೆ ಚಿನ್ನದ ಬೆಲೆ ಬಂದಿತು. ಧಾರವಾಡದ ಹತ್ತಿ ಘಟ್ಟ ಇಳಿದು ಕಾರವಾರದಲ್ಲಿ ಹಡಗೇರಲಿ ಎಂಬ ಒತ್ತಾಯದ ನಡುವೆ, 1862ರಲ್ಲಿ ಉತ್ತರ ಕನ್ನಡ ಜಿಲ್ಲೆಯನ್ನು ಮದ್ರಾಸ್ ಪ್ರಾಂತ್ಯದಿಂದ ಬಿಡಿಸಿ ಮುಂಬಯಿ ಪ್ರಾಂತ್ಯಕ್ಕೆ ಸೇರಿಸಲಾಯಿತು. 1865ರಲ್ಲಿ ಯುದ್ಧ ಮುಗಿದೊಡನೆ ಬೆಲೆ ನೆಲಕಚ್ಚಿತು. ಮಿಸಿಸಿಪ್ಪಿಯ ತಿರುವಿನಲ್ಲಿ ನಿಂತ ಫಿರಂಗಿಗಳಿಗೂ ಕಾಳಿ ನದಿಯ ಅಳಿವೆಯ ಬಂದರಿಗೂ ಸಂಬಂಧವಿದೆ ಎಂದು ನನಗೆ ತಿಳಿದದ್ದು ಬಹಳ ತಡವಾಗಿ.

ಇಂದು ವಿಕ್ಸ್‌ಬರ್ಗಿಗೆ ಹೋದವರು ರಣರಂಗದ ಉದ್ಯಾನದಲ್ಲಿ ‘ಕೈರೊ’ ಎಂಬ ಕಬ್ಬಿಣದ ಹೊದಿಕೆಯ ಯುದ್ಧನೌಕೆಯನ್ನು ನೋಡಬಹುದು. 1862ರ ಡಿಸೆಂಬರ್‌ನಲ್ಲಿ ಯಾಜೂ ನದಿಯಲ್ಲಿ ಸಿಡಿಗುಂಡಿಗೆ ಸಿಕ್ಕಿ ಮುಳುಗಿದ್ದ ಅದನ್ನು ನೂರೆರಡು ವರ್ಷಗಳ ನಂತರ ಮೇಲೆತ್ತಿದರು. ಆದರೆ ಆ ಲಾಳದ ತಿರುವನ್ನು ಹುಡುಕಿದರೆ ಅದು ಹಳೆಯ ಜಾಗದಲ್ಲಿ ಕಾಣುವುದಿಲ್ಲ. ಗ್ರ್ಯಾಂಟ್‌ನ ಸಾವಿರಾರು ಜನ ತಿಂಗಳುಗಟ್ಟಲೆ ಅಗೆದರೂ ಕಡಿಯಲಾಗದ ಡಿ ಸೋಟೊ ನೆಲವನ್ನು 1876ರ ಏಪ್ರಿಲ್‌ನಲ್ಲಿ ಮಿಸಿಸಿಪ್ಪಿ ತಾನಾಗಿಯೇ ಕಡಿದುಕೊಂಡು ಬೇರೆ ದಾರಿ ಹಿಡಿಯಿತು. ಊರಿನ ಮುಂದೆ ಉಳಿದದ್ದು ಹೂಳು ತುಂಬುತ್ತಿದ್ದ ಹಳೆಯ ಪಾತ್ರ. ಮತ್ತೆ ನೀರು ಕಾಣಲು ವಿಕ್ಸ್‌ಬರ್ಗ್ 1903ರವರೆಗೆ ಕಾಯಬೇಕಾಯಿತು. ಆಗ ಯಾಜೂ ನದಿಯನ್ನು ಕಾಲುವೆಯಿಂದ ತಿರುಗಿಸಿ ಊರಿನ ಮುಂದಕ್ಕೆ ತಂದರು.